ಕಡಸು ಈದದ್ದೂ ಒಂದು ಸುದ್ದಿಯೇ?

ಓದುಗರ ಪತ್ರ: ‘ಕಳೆದ ಎರಡು ಸಂಚಿಕೆಗಳಲ್ಲಿ ಅಮೆರಿಕದ ಸೌತ್ ಡಕೋಟಾ ಸೀಮೆಯ ದನ ಸಾಕುವ ಯಾವುದೋ ರ‍್ಯಾಂಚಿನ ಅಜ್ಜಿಯೊಬ್ಬರು ಮಕ್ಕಳಿಗೆ ಬರೆದ ಕಾಗದಗಳನ್ನು ಪುಟಗಟ್ಟಲೆ ಅಚ್ಚು ಹಾಕಿದ್ದೀರಿ. ಕಡಸು ಈದಿತು, ಚರ್ಚಿನಲ್ಲಿ ಊಟವಿತ್ತು, ಮೊಮ್ಮಗನ ಹಲ್ಲು ಬಿತ್ತು. ಇದನ್ನು ಓದಿ ನಮಗೇನಾಗಬೇಕು? ಅಮೆರಿಕದ ವಿಷಯ ಕೊಡುವುದಾದರೆ ವೀಸಾ, ಸುಂಕ, ಚುನಾವಣೆಯ ಬಗ್ಗೆ ಕೊಡಿ. ಇಂಥ ಕಾಗದಗಳನ್ನು ನನ್ನ ತಾಯಿಯೂ ಹಾಸ್ಟೆಲಿಗೆ ವಾರಕ್ಕೊಂದರಂತೆ ಬರೆಯುತ್ತಿದ್ದರು. ಅವನ್ನು ಪತ್ರಿಕೆಗೆ ಕಳುಹಿಸುವ ಬುದ್ಧಿ ನನಗೆ ಬರಲಿಲ್ಲ.’
— ಹಳೆಯ ಚಂದಾದಾರ, ತರೀಕೆರೆ

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಅಕ್ಷರ ಬಹಳ ಚೆನ್ನಾಗಿದೆ. ಇಷ್ಟು ಸಿಟ್ಟಿನಲ್ಲೂ ಒಂದು ಸಾಲು ಸೊಟ್ಟಗಾಗಿಲ್ಲ. ಕೈಯಲ್ಲಿ ಬರೆದು ಅಂಚೆಗೆ ಹಾಕಿದ ಪತ್ರವೊಂದರಲ್ಲಿ ಕಾಗದ ಬರೆಯುವವರ ಮೇಲೆ ದೂರು ಬಂದಿರುವುದು ನಮಗೆ ಸೋಜಿಗದ ಸಂಗತಿ.

ವೀಸಾ, ಸುಂಕ ದೊಡ್ಡ ವಿಷಯಗಳೇ. ಬೀದಿಗೊಬ್ಬರಾದರೂ ಅಮೆರಿಕದಲ್ಲಿರುವ ಈ ಕಾಲದಲ್ಲಿ ಆ ಕುರಿತು ಆತಂಕ ಸಹಜ, ಒಪ್ಪಿದೆ. ಆದರೆ ಅದನ್ನು ನೀವು ಬೆಳಗ್ಗೆ ದಿನಪತ್ರಿಕೆಯಲ್ಲಿ ಓದಿ, ಸಂಜೆ ಟಿ.ವಿ.ಯಲ್ಲಿ ನೋಡಿ, ಮಲಗುವ ಮುನ್ನ ಮೊಬೈಲಿನಲ್ಲಿ ಮತ್ತೊಮ್ಮೆ ಕೇಳಿರುತ್ತೀರಿ. ತಿಂಗಳಿಗೊಮ್ಮೆ ಬರುವ ನಾವು ಅದನ್ನೇ ನಾಲ್ಕನೆಯ ಸಲ ಬಡಿಸಬೇಕೆ?

ಆ ಕಾಗದಗಳನ್ನು ನಮಗೆ ಕನ್ನಡಕ್ಕೆ ತಂದುಕೊಟ್ಟವರು ಆ ಮನೆಯ ಸೊಸೆ, ಮಲೆನಾಡಿನ ಹೆಣ್ಣುಮಗಳು. ಅತ್ತೆಯ ಹೆಸರು ಬೇಡವೆಂದರು, ಹಾಕಲಿಲ್ಲ. ಅತ್ತೆ ಪ್ರತಿ ಭಾನುವಾರ ಚರ್ಚಿನಿಂದ ಬಂದು, ಊಟದ ಪಾತ್ರೆ ತೊಳೆದಿಟ್ಟು, ಮಕ್ಕಳಿಗೆಲ್ಲ ಒಂದೇ ಕಾಗದ ಬರೆದು ಅದರ ನಕಲು ಕಳುಹಿಸುತ್ತಾರೆ. ನೀವು ಹಾಸ್ಯ ಮಾಡಿದ ಮಾರ್ಚ್ ತಿಂಗಳ ಕಾಗದವನ್ನು ದಯವಿಟ್ಟು ಮತ್ತೊಮ್ಮೆ ತೆಗೆದು ಓದಿ. ಅಲ್ಲಿ ಕರು ಹಾಕುವ ಹಂಗಾಮು ಚಳಿ ಬಿಡುವ ಮೊದಲೇ ಶುರುವಾಗುತ್ತದೆ. ಚೊಚ್ಚಲ ಕಡಸುಗಳನ್ನು ರಾತ್ರಿ ಎರಡು-ಮೂರು ಗಂಟೆಗೊಮ್ಮೆ ಎದ್ದು ಟಾರ್ಚ್ ಹಿಡಿದು ನೋಡಿ ಬರಬೇಕು. ಮೈ ಆರುವ ಮೊದಲೇ ಗಾಳಿಗೆ ಸಿಕ್ಕ ಕರುವಿನ ಕಿವಿಯ ತುದಿ ಹೆಪ್ಪುಗಟ್ಟಿ ಆಮೇಲೆ ಉದುರಿ ಹೋಗುತ್ತದೆ. ಅಂಥದೊಂದು ಕರುವನ್ನು ಗಂಡ ಹೆಂಡತಿ ಟ್ರಕ್ಕಿನೊಳಗೆ ಹಾಕಿಕೊಂಡು, ಹೀಟರ್ ಹಚ್ಚಿ ಮನೆಗೆ ತಂದರು. ಅಡುಗೆಮನೆಯ ನೆಲದಲ್ಲಿ ಹಳೆಯ ಟವೆಲ್ಲಿನಿಂದ ತಿಕ್ಕಿದರು. ಗಿಣ್ಣು ಕುಡಿಯುವ ಶಕ್ತಿಯೂ ಇಲ್ಲದ್ದರಿಂದ ನಳಿಕೆಯಲ್ಲಿ ಹೊಟ್ಟೆಗಿಳಿಸಿದರು. ಬೆಳಗ್ಗೆ ಕರು ಎದ್ದು ನಿಂತು, ಒಲೆಯ ಪಕ್ಕದಲ್ಲಿ ಗಲೀಜು ಮಾಡಿತು. ಅದನ್ನು ಒರೆಸುವಷ್ಟರಲ್ಲಿ ಚರ್ಚಿಗೆ ತಡವಾಯಿತು. ಇರುವ ಒಬ್ಬ ಪಾದ್ರಿ ಮೂರೂರಿನ ಚರ್ಚು ನೋಡಿಕೊಳ್ಳುತ್ತಾರೆ. ಇವರ ಊರಿನ ಸರದಿ ಬೆಳಗಿನ ಎಂಟು ಗಂಟೆಗೆ. ಎರಡನೆಯ ಕೀರ್ತನೆ ಮುಗಿಯುವ ಹೊತ್ತಿಗೆ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರು. ಯಾರೂ ತಿರುಗಿ ನೋಡಲಿಲ್ಲವಂತೆ, ಆ ತಿಂಗಳಲ್ಲಿ ಅಲ್ಲಿ ಎಲ್ಲರ ಮನೆಯ ಕಥೆಯೂ ಅದೇ. ಕೊನೆಗೆ ಒಂದು ಸಾಲು: ‘ಅಪ್ಪನ ಮೊಣಕಾಲು ಪರವಾಗಿಲ್ಲ.’

ಈ ಸಾಲು ಸತತ ಮೂರು ಕಾಗದಗಳಲ್ಲಿದೆ. ಮೂರನೆಯದನ್ನು ಓದಿದ ದೊಡ್ಡ ಮಗ ರಜೆ ಹಾಕಿ ಊರಿಗೆ ಹೊರಟ. ಮೊಣಕಾಲು ನಿಜವಾಗಿಯೂ ಚೆನ್ನಾಗಿದ್ದರೆ ತಾಯಿ ಅದನ್ನು ಮೂರು ಸಲ ಬರೆಯುವವಳಲ್ಲ ಎಂಬುದು ಅವನಿಗೆ ಗೊತ್ತು. ನಮ್ಮ ಎಷ್ಟು ಅಂಕಣಕಾರರನ್ನು ಓದುಗರು ಇಷ್ಟು ಸೂಕ್ಷ್ಮವಾಗಿ ಓದುತ್ತಾರೆ, ಹೇಳಿ.

ಈಗ 2013ಕ್ಕೆ ಬನ್ನಿ. ಆ ವರ್ಷ ಅಕ್ಟೋಬರ್ 1ರಂದು ಅಮೆರಿಕದ ಕೇಂದ್ರ ಸರ್ಕಾರ ಬಜೆಟ್ಟಿನ ಜಗಳದಲ್ಲಿ ಬಾಗಿಲು ಹಾಕಿತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಬರೆದವು, ನಾವೂ ಬರೆದೆವು. ಅದೇ ವಾರ, 3ರಿಂದ 5ರವರೆಗೆ, ಸೌತ್ ಡಕೋಟಾದ ಪಶ್ಚಿಮ ಭಾಗದಲ್ಲಿ ಅಕಾಲದ ಹಿಮಗಾಳಿ ಎದ್ದಿತು. ಮೊದಲು ಮಳೆ ಹೊಯ್ದು ದನಗಳ ಮೈ ತೊಪ್ಪೆಯಾಯಿತು, ಆಮೇಲೆ ಹಿಮ ಸುರಿಯಿತು. ಹಿಂಡುಗಳಿನ್ನೂ ಬೇಸಿಗೆಯ ಬಯಲುಗಾವಲಿನಲ್ಲಿದ್ದವು, ಚಳಿಗಾಲದ ದಪ್ಪ ಕೂದಲು ಬೆಳೆದಿರಲಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತಾ ನಡೆಯುತ್ತಾ ಹಿಮದಲ್ಲಿ ಮುಳುಗಿದ ಬೇಲಿಗಳನ್ನು ದಾಟಿ, ಹಳ್ಳಗಳಿಗೆ ಬಿದ್ದು, ಹೆದ್ದಾರಿಯ ಬದಿಯಲ್ಲಿ ರಾಶಿಯಾಗಿ ಸತ್ತವು. ಸತ್ತ ದನಗಳು ಹತ್ತಾರು ಸಾವಿರ. ಸರ್ಕಾರವೇ ಮುಚ್ಚಿದ್ದರಿಂದ ಕೃಷಿ ಇಲಾಖೆಯ ಕಚೇರಿಗಳಿಗೂ ಬೀಗ. ಪರಿಹಾರದ ಕಾನೂನು ಬಂದದ್ದು 2014ರ ಫೆಬ್ರವರಿಯಲ್ಲಿ. ದೂರದೂರಿನ ದೊಡ್ಡ ಪತ್ರಿಕೆಗಳು ಈ ಕಡೆ ತಿರುಗಲು ಸಾಕಷ್ಟು ದಿನ ಹಿಡಿಯಿತು.

ಆ ಸಮಯದ ಕಾಗದವೂ ಸೊಸೆಯ ಹತ್ತಿರವಿದೆ. ಕರೆಂಟಿಲ್ಲದೆ ಮೇಣದ ಬತ್ತಿಯ ಬೆಳಕಿನಲ್ಲಿ ಬರೆದದ್ದು. ಆ ಭಾನುವಾರ ಚರ್ಚು ಇರಲಿಲ್ಲ. ಮುಂದಿನ ಭಾನುವಾರ ಇತ್ತು. ‘ಎಷ್ಟು ಹೋದವು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರೂ ಬಿಸಿ ಅಡುಗೆ ತಂದಿದ್ದರು.’ ಆ ಸೀಮೆಯಲ್ಲಿ ಒಬ್ಬನಿಗೆ ಎಷ್ಟು ದನಗಳಿವೆ ಎಂದು ಕೇಳುವುದು ಬ್ಯಾಂಕಿನಲ್ಲಿ ಎಷ್ಟು ಹಣವಿದೆ ಎಂದು ಕೇಳಿದಷ್ಟೇ ಅಸಭ್ಯ. ಸತ್ತವುಗಳ ಲೆಕ್ಕಕ್ಕೂ ಅದೇ ಮರ್ಯಾದೆ ಸಂದಿತು. ಅಂಕಿ-ಅಂಶ ತರಲು ಹೋದ ವರದಿಗಾರನಿಗೆ ಆ ಮೌನ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆಯುತ್ತಿದ್ದ.

ದನದ ಸುದ್ದಿಯ ಮಾತಿಗೆ ಇನ್ನೊಂದು ನೆನಪಾಯಿತು. 1886-87ರ ಚಳಿಗಾಲದಲ್ಲಿ ಮೊಂಟಾನಾದಲ್ಲಿ ಹಿಂಡು ಹಿಂಡೇ ನಾಶವಾದಾಗ, ಹೆಲೆನಾ ಪಟ್ಟಣದಲ್ಲಿದ್ದ ಮಾಲೀಕರೊಬ್ಬರು ‘ನಮ್ಮ ದನಗಳು ಹೇಗಿವೆ?’ ಎಂದು ಕಾಗದ ಬರೆದು ಕೇಳಿದರು. ಮೇಲ್ವಿಚಾರಕ ಉತ್ತರ ಬರೆಯಲು ಕುಳಿತಿದ್ದ. ಜೊತೆಯಲ್ಲಿದ್ದ ಚಾರ್ಲ್ಸ್ ರಸೆಲ್ ಎಂಬ ಇಪ್ಪತ್ತೆರಡರ ದನಗಾಹಿ ಅಂಗೈಯಗಲದ ಕಾಗದದ ಮೇಲೆ ಹಿಮದಲ್ಲಿ ನಿಂತ ಎಲುಬಿನ ಹಂದರದಂಥ ಒಂದೇ ಒಂದು ದನವನ್ನೂ ಕಾದು ಕುಳಿತ ತೋಳಗಳನ್ನೂ ಚಿತ್ರವಾಗಿ ಬರೆದುಕೊಟ್ಟ. ಕಾಗದದ ಬದಲು ಅದೇ ಹೋಯಿತು. ರಸೆಲ್ ಮುಂದೆ ಪಶ್ಚಿಮ ಅಮೆರಿಕದ ದೊಡ್ಡ ಕಲಾವಿದನೆನಿಸಿಕೊಂಡ. ಇದೂ ‘ಕ್ಷೇಮ ಸಮಾಚಾರ’ವೇ ತಾನೆ?

ಅಕ್ಕಪಕ್ಕದವರ ಸುದ್ದಿ ಬಿಟ್ಟು ತಮ್ಮದನ್ನು ಹೇಳದ ಹೆಂಗಸರ ವಿಷಯಕ್ಕೆ ಬಂದರೆ, ನನಗೆ ಎಲಿನೋರ್ ಪ್ರುಯಿಟ್ ಸ್ಟೀವರ್ಟ್ ಬಿಟ್ಟರೆ ಬೇರೆ ಹೆಸರು ಹೊಳೆಯುವುದಿಲ್ಲ. 1909ರಲ್ಲಿ ಪುಟ್ಟ ಮಗಳನ್ನು ಕಟ್ಟಿಕೊಂಡು, ಡೆನ್ವರಿನಿಂದ ವಯೋಮಿಂಗಿನ ರ‍್ಯಾಂಚೊಂದಕ್ಕೆ ಮನೆಗೆಲಸಕ್ಕೆ ಹೋದವಳು. ತನ್ನ ಹೆಸರಿನಲ್ಲಿ ಸರ್ಕಾರಿ ಭೂಮಿಗೆ ಅರ್ಜಿ ಹಾಕಿದಳು, ಯಂತ್ರ ಹೂಡಿ ಹುಲ್ಲು ಕೊಯ್ದಳು. ಅದನ್ನೆಲ್ಲ ಡೆನ್ವರಿನಲ್ಲಿ ತಾನು ಮೊದಲು ಕೆಲಸಕ್ಕಿದ್ದ ಮನೆಯ ಯಜಮಾನಿತಿಗೆ ಬರೆದಳು. ಆ ಯಜಮಾನಿತಿಯ ಕೈಯಿಂದ ಕಾಗದಗಳು ಹೆಸರಾಂತ ಮಾಸಪತ್ರಿಕೆಯೊಂದಕ್ಕೆ ಹೋಗಿ ಅಚ್ಚಾದವು. (ಅಲ್ಲಿಯ ಸಂಪಾದಕರಿಗೂ ನಿಮ್ಮಂಥವರು ಪತ್ರ ಬರೆದಿರಬೇಕು.) ನೆರೆಯವರ ಮದುವೆಗಳನ್ನು ನಗುನಗುತ್ತಾ ವರ್ಣಿಸಿದವಳು, ಬಂದ ಕೆಲವೇ ವಾರಗಳಲ್ಲಿ ತಾನು ಆ ರ‍್ಯಾಂಚಿನ ಒಡೆಯನನ್ನೇ ಮದುವೆಯಾದದ್ದನ್ನು ಬಹಳ ಕಾಲ ಬಾಯಿಬಿಡಲಿಲ್ಲ. ಅವರಿಗೆ ಹುಟ್ಟಿದ ಮೊದಲ ಗಂಡುಮಗು ತೀರಿಕೊಂಡಿತು. ಪಾದ್ರಿ ಸಿಗದ ಆ ಕೊಂಪೆಯಲ್ಲಿ ಪೆಟ್ಟಿಗೆಯನ್ನು ಗಂಡನೇ ಮಾಡಿದ, ಅಂತ್ಯವಿಧಿಯನ್ನು ತಾಯಿಯೇ ನಡೆಸಿದಳು. ಇದನ್ನು ಬರೆಯಲು ಅವಳಿಗೆ ಧೈರ್ಯ ಬಂದದ್ದು ಇನ್ನೆರಡು ಗಂಡುಮಕ್ಕಳಾದ ಮೇಲೆ. ಚರ್ಚಿನ ಸುದ್ದಿ ಎಂದರೆ ಬರೀ ಊಟದ ಪಟ್ಟಿ ಎಂದುಕೊಂಡಿರಾ?

ಅಮೆರಿಕದ ಹಳ್ಳಿಗಾಡಿನ ವಾರಪತ್ರಿಕೆಗಳಲ್ಲಿ ಹಿಂದೆ ಊರಿಗೊಬ್ಬರಂತೆ ಸುದ್ದಿ ಬರೆಯುವವರಿರುತ್ತಿದ್ದರು, ಹೆಚ್ಚಿನವರು ಗೃಹಿಣಿಯರು. ಅಚ್ಚಾದ ಅಂಗುಲದ ಲೆಕ್ಕದಲ್ಲಿ ಚಿಲ್ಲರೆ ಕಾಸು ಸಿಗುತ್ತಿತ್ತು. ಯಾರ ಮನೆಗೆ ಭಾನುವಾರ ಯಾರು ಊಟಕ್ಕೆ ಬಂದಿದ್ದರು, ಯಾರ ಬಾವಿ ಬತ್ತಿತು, ಯಾರು ಆಸ್ಪತ್ರೆಯಿಂದ ಮರಳಿದರು ಎಂಬುದೇ ಸುದ್ದಿ. ತಪ್ಪು ಬರೆದರೆ ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಿಬೀಳುತ್ತಿದ್ದರು. ನಮ್ಮ ಜಿಲ್ಲಾ ಪುಟಗಳನ್ನು ನೋಡಿ: ಸಚಿವರು ದೀಪ ಬೆಳಗಿದರು, ಶಾಸಕರು ಗುದ್ದಲಿ ಪೂಜೆ ಮಾಡಿದರು, ಗಣ್ಯರು ಉಪಸ್ಥಿತರಿದ್ದರು. ದೀಪ ಆರಿದ ಮೇಲೆ ಆ ಊರಿನಲ್ಲಿ ಏನಾಯಿತೆಂದು ತಿಳಿಯಲು ಇಂದಿಗೂ ಯಾರದಾದರೂ ಅಮ್ಮನಿಗೆ ಫೋನು ಮಾಡಬೇಕು.

ಅಮ್ಮ ಎಂದರೆ ನಮ್ಮ ಕಚೇರಿಯಲ್ಲಿ ನಡುಕ ಹುಟ್ಟುತ್ತದೆ. ಪ್ರತಿ ಮೇ ತಿಂಗಳು ತಾಯಿಯ ಮೇಲಿನ ಪದ್ಯಗಳು ಚೀಲಗಟ್ಟಲೆ ಬರುತ್ತವೆ. ಎಲ್ಲ ತಾಯಂದಿರೂ ದೇವತೆಗಳು, ತ್ಯಾಗಮಯಿಗಳು, ಬಾಳಿನ ಬೆಳಕುಗಳು. ಅವರು ಮಂಗಳವಾರ ಏನು ಮಾಡಿದರೆಂದು ಒಂದು ಪದ್ಯದಲ್ಲೂ ಇರುವುದಿಲ್ಲ. ತಾಯಂದಿರ ದಿನವನ್ನು ಶುರು ಮಾಡಿದ ಅನ್ನಾ ಜಾರ್ವಿಸ್ 1908ರ ಮೇ 10ರಂದು ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಊರಿನ ಚರ್ಚಿನಲ್ಲಿ ತನ್ನ ತಾಯಿಯ ನೆನಪಿಗೆ ಮೊದಲ ಪ್ರಾರ್ಥನೆ ಇಡಿಸಿದವರು. ಹೂವಿನ ವ್ಯಾಪಾರಿಗಳೂ ಅಚ್ಚಾದ ಶುಭಾಶಯ ಪತ್ರದವರೂ ಆ ದಿನವನ್ನು ನುಂಗಿದ್ದನ್ನು ಕಂಡು ಉಳಿದ ಆಯುಷ್ಯವನ್ನು ಅದರ ವಿರುದ್ಧ ಹೋರಾಡುವುದರಲ್ಲೇ ಕಳೆದರು. ತಾಯಿಗೆ ಕೈಯಾರೆ ಕಾಗದ ಬರೆಯಲಾರದವರು ಕಾರ್ಡು ಕೊಳ್ಳುತ್ತಾರೆ ಎಂಬುದು ಅವರ ಸಿಟ್ಟು. ಈಗಿನ ಮೊಬೈಲಿನ ಮಿನುಗುವ ಗುಲಾಬಿಗಳನ್ನು ಅವರು ನೋಡದೆ ಹೋದದ್ದು ಪುಣ್ಯ.

ಇನ್ನು ನೀವು, ತರೀಕೆರೆಯವರು, ದನದ ಸುದ್ದಿ ನಮಗೇಕೆ ಎಂದು ಕೇಳುವುದು! ಪಕ್ಕದಲ್ಲೇ ಅಜ್ಜಂಪುರವಿದೆ, ಅಮೃತಮಹಲ್ ತಳಿಯ ಕೇಂದ್ರವಿದೆ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಚಿಕ್ಕಮಗಳೂರು, ಹಾಸನ, ಚಿತ್ರದುರ್ಗ, ತುಮಕೂರುಗಳ ತುಂಬ ಅದರ ಕಾವಲುಗಳು, ಎಂದರೆ ಮೇವಿನ ಬಯಲುಗಳು, ಇದ್ದವು. ಸೌತ್ ಡಕೋಟಾದವರು ರ‍್ಯಾಂಚು ಕಟ್ಟುವ ಎಷ್ಟೋ ಮೊದಲು ನಮ್ಮ ಹಿಂಡುಗಳು ಋತುವಿಗೊಂದು ಕಾವಲು ಬದಲಿಸುತ್ತಾ ಮೇಯುತ್ತಿದ್ದವು. ಫಿರಂಗಿ ಎಳೆದ ಎತ್ತುಗಳ ವರ್ಣನೆ ಇಂಗ್ಲಿಷ್ ಅಧಿಕಾರಿಗಳ ವರದಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಬರದ ವರ್ಷ ಆ ಕಾವಲುಗಾರನ ಮನೆಯಲ್ಲಿ ರಾತ್ರಿಯೂಟಕ್ಕೆ ಏನಿತ್ತು, ಹೋರಿಗೆ ರೋಗ ಬಂದಾಗ ಅವನ ಹೆಂಡತಿ ಯಾವ ದೇವರಿಗೆ ಹರಕೆ ಹೊತ್ತಳು ಎಂದು ಹೇಳುವ ಒಂದು ಚೀಟಿಯನ್ನೂ ನಾನು ನೋಡಿಲ್ಲ. ಅವಳಿಗೆ ಯಾರೂ ಅಕ್ಷರ ಕಲಿಸಲಿಲ್ಲ. ಚಳ್ಳಕೆರೆಯ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾದಾಗ ಆಕ್ಷೇಪಿಸಿದ ಹಳ್ಳಿಯವರ ಕೈಯಲ್ಲಿ ಹೇಳಲು ಅನುಭವವಿತ್ತು, ತೋರಿಸಲು ಕಾಗದ ಕಡಿಮೆ ಇತ್ತು.

ನಿಮ್ಮ ತಾಯಿಗೆ ಅಕ್ಷರ ಬರುತ್ತಿತ್ತು. ವಾರಕ್ಕೊಂದು ಕಾಗದವೆಂದು ನೀವೇ ಬರೆದಿದ್ದೀರಿ, ಎಸೆದೆನೆಂದು ಬರೆದಿಲ್ಲ. ಆದ್ದರಿಂದ ಅಟ್ಟದ ಮೇಲೋ ಟ್ರಂಕಿನಲ್ಲೋ ಇರಬೇಕು. ‘ಉಭಯ ಕುಶಲೋಪರಿ’ಯಿಂದ ಶುರುವಾಗಿ, ಮಳೆ ಎಷ್ಟಾಯಿತು, ಯಾವ ಹಸು ಗಬ್ಬವಾಯಿತು, ರಥೋತ್ಸವಕ್ಕೆ ಯಾರು ಬಂದರು ಎಂದು ಸಾಗಿ, ಇನ್‌ಲ್ಯಾಂಡಿನ ಮಡಿಕೆಯ ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡ ಬರೆದ ಸಾಲಿನಲ್ಲಿ ನಿಜವಾದ ಸುದ್ದಿ ಇರುತ್ತದೆ. ಮೊದಲು ಆ ಅಂಚುಗಳನ್ನು ಓದಿ.

ಮುಂದಿನ ಸಂಚಿಕೆಯಲ್ಲಿ ಆ ಅಜ್ಜಿಯ ಅಕ್ಟೋಬರಿನ ಕಾಗದ ಪೂರ್ತಿಯಾಗಿ ಬರುತ್ತದೆ, ನಿಲ್ಲಿಸುವುದಿಲ್ಲ. ಅದರ ಪಕ್ಕದ ಪುಟವನ್ನು ನಿಮ್ಮ ತಾಯಿಯ ಕಾಗದಕ್ಕೆಂದು ಖಾಲಿ ಇರಿಸಿದ್ದೇನೆ. ನಕಲು ಸಾಕು, ಮೂಲ ನಿಮ್ಮಲ್ಲೇ ಇರಲಿ. ಕಾಗುಣಿತ ತಿದ್ದಬೇಡಿ. ಬೇರೆ ಓದುಗರೂ ಕಳುಹಿಸಬಹುದು, ಪದ್ಯ ಬೇಡ.

— ಸಂ.