ಮಾಡೆಲ್ ರೈಲಿಗೆ ಹೊಸ ಬಣ್ಣ: ಮೊದಲು ಆ ಅಸಿಟೋನ್ ಬಾಟಲಿ ಕೆಳಗಿಡಿ

ನಿಜವಾದ ಇಂಜಿನ್ ಹತ್ತಾರು ಬಣ್ಣಗಳಲ್ಲಿ ಓಡಿರುತ್ತದೆ. ಮಾಡೆಲ್ ಕಂಪನಿಗಳು ಅದರಲ್ಲಿ ಎರಡೋ ಮೂರೋ ಮಾಡಿ ಸುಮ್ಮನಾಗುತ್ತವೆ. ಉಳಿದದ್ದು ಬೇಕಾದವರು ತಾವೇ ಬಣ್ಣ ಹೊಡೆದುಕೊಳ್ಳಬೇಕು. ಅದಕ್ಕೇ ಈ ಪ್ರಶ್ನೆಗಳು. ಬೇಜಾರೇನೆಂದರೆ, ಪ್ರತಿ ಸಲವೂ ಅವೇ ಪ್ರಶ್ನೆಗಳು. ಬಾಡಿ ಬಿಚ್ಚುವುದು, ಗಾಳಿಯಿಂದ ಬಣ್ಣ ಚಿಮುಕಿಸುವ ಏರ್‌ಬ್ರಷ್ ತೊಳೆಯುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ಅವುಗಳ ಜೊತೆ ಬಂದ ಚೀಟಿ ಓದಿ.

ಪ್ರಶ್ನೆ: ನನ್ನ ಹತ್ತಿರ ಎಚ್‌ಒ ಅಳತೆಯ ಡೀಸೆಲ್ ಇಂಜಿನ್ ಇದೆ. ಬೇರೆ ಬಣ್ಣ ಬೇಕು. ಕಂಪನಿಯ ಬಣ್ಣ ತೆಗೆಯಲೇಬೇಕಾ, ಅದರ ಮೇಲೇ ಹೊಡೆದರೆ ನಡೆಯುತ್ತದಾ? ತೆಗೆಯಲು ಅಸಿಟೋನ್ ಸಾಕು ಎಂದು ಒಬ್ಬರು, ಬ್ರೇಕ್ ಆಯಿಲ್ ಒಳ್ಳೆಯದು ಎಂದು ಇನ್ನೊಬ್ಬರು ಹೇಳಿದರು.

ಅಸಿಟೋನ್ ಹೇಳಿದವರ ಮಾತನ್ನು ಇನ್ನು ಮುಂದೆ ಯಾವ ವಿಷಯಕ್ಕೂ ಕೇಳಬೇಡಿ. ಇಂಜಿನ್ ಬಾಡಿ ಸಾಮಾನ್ಯವಾಗಿ ಪಾಲಿಸ್ಟೈರೀನ್ ಅಥವಾ ಎಬಿಎಸ್ ಪ್ಲಾಸ್ಟಿಕ್. ಅಸಿಟೋನ್ ಬಣ್ಣದ ಜೊತೆ ಬಾಡಿಯನ್ನೂ ಕರಗಿಸುತ್ತದೆ. ನೇಲ್ ಪಾಲಿಶ್ ರಿಮೂವರ್‌ನಲ್ಲೂ ಹೆಚ್ಚಾಗಿ ಇರುವುದು ಅದೇ. "ಹತ್ತಿಯಲ್ಲಿ ಸ್ವಲ್ಪ ಅದ್ದಿ ಒರೆಸಿದರೆ ಏನೂ ಆಗಲ್ಲ" ಅನ್ನುವವರು, ರಿವೆಟ್ ಸಾಲು ಮಾಯವಾದ ಮೇಲೆ ಫೋನ್ ಎತ್ತುವುದಿಲ್ಲ. ಪೆಟ್ರೋಲ್ ಮತ್ತು ಲ್ಯಾಕರ್ ಥಿನ್ನರ್‌ಗೂ ಇದೇ ಮಾತು.

ಬ್ರೇಕ್ ಆಯಿಲ್ ವಿಷಯ ಬೇರೆ. ಅದರಲ್ಲಿ ಡಾಟ್ 3 ಎಂಬ ದರ್ಜೆಯದು ನಿಜವಾಗಿಯೂ ಬಣ್ಣ ಬಿಡಿಸುತ್ತದೆ. ಹಳಬರು ಅದನ್ನು ತುಂಬಾ ಬಳಸಿದ್ದಾರೆ. ಆದರೆ ಕೆಲವು ಪ್ಲಾಸ್ಟಿಕ್ ಅದಕ್ಕೆ ತಡೆಯುವುದಿಲ್ಲ, ಕೈಗೂ ಕಣ್ಣಿಗೂ ಒಳ್ಳೆಯದಲ್ಲ. ಇನ್ನು ಗೊತ್ತಿಲ್ಲದೆ ಡಾಟ್ 5 ತಂದರೆ ಕಥೆ ಮುಗಿಯಿತು. ಅದು ಸಿಲಿಕೋನ್. ಬಣ್ಣ ತೆಗೆಯುವುದಿಲ್ಲ, ಬದಲಿಗೆ ಜಿಡ್ಡು ಬಿಟ್ಟು ಹೊಸ ಬಣ್ಣವನ್ನೂ ಕೂರಲು ಬಿಡುವುದಿಲ್ಲ. ಹೊಡೆದ ಬಣ್ಣ ಮೀನಿನ ಕಣ್ಣಿನ ಹಾಗೆ ಗುಂಡಗುಂಡಗೆ ಬಿಟ್ಟುಕೊಳ್ಳುತ್ತದೆ. ನಾನು ಬ್ರೇಕ್ ಆಯಿಲನ್ನು ಮೇಜಿನ ಹತ್ತಿರಕ್ಕೂ ತರುವುದಿಲ್ಲ.

ಈಗ ಮೂಲ ಪ್ರಶ್ನೆ. ಹಳೆಯ ಬಣ್ಣವನ್ನು ಯಾವಾಗಲೂ ತೆಗೆಯಲೇಬೇಕು ಅಂತೇನಿಲ್ಲ. ಎಚ್‌ಒ ಅಳತೆ ಅಂದರೆ 1:87. ಬಣ್ಣದ ಪದರ 0.1 ಮಿ.ಮೀ. ದಪ್ಪಗಾದರೆ ನಿಜವಾದ ಇಂಜಿನ್ ಮೇಲೆ 8.7 ಮಿ.ಮೀ. ಬಣ್ಣ ಬಳಿದ ಲೆಕ್ಕ. 1:160 ಎನ್ ಅಳತೆಯಲ್ಲಿ ಅದು 16 ಮಿ.ಮೀ. ಬಾಗಿಲಿನ ಗೆರೆ, ಗಾಳಿ ಜಾಲರಿ ಎಲ್ಲ ತುಂಬಿಹೋಗುತ್ತದೆ. ಆದ್ದರಿಂದ ಕಂಪನಿಯ ಬಣ್ಣ ತೆಳ್ಳಗೆ, ಸಮನಾಗಿ ಕೂತಿದ್ದರೆ ಅದನ್ನೇ ತಳವಾಗಿ ಬಳಸಿ. ಹಾಗೆ ಮಾಡುವಾಗಲೂ ಅಕ್ಷರ, ಪಟ್ಟೆಗಳನ್ನು ಮಾತ್ರ ತೆಗೆಯಲೇಬೇಕು. ಅವುಗಳ ಅಂಚು ಹೊಸ ಬಣ್ಣದ ಕೆಳಗಿಂದ ಎದ್ದು ಕಾಣುತ್ತದೆ, ಬೆಳಕು ಓರೆಯಾಗಿ ಬಿದ್ದಾಗ ಹಳೆಯ ಕಂಪನಿಯ ಹೆಸರು ಸ್ಪಷ್ಟವಾಗಿ ಓದಬಹುದು. ಹತ್ತಿಕಡ್ಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಿಧಾನವಾಗಿ ಒರೆಸಿ. ಹೋಗದಿದ್ದರೆ 2000 ನಂಬರಿನ ಉಜ್ಜು ಕಾಗದ, ನೀರು ಹಾಕಿಕೊಂಡು.

ಪದರ ಆಗಲೇ ದಪ್ಪಗಿದ್ದರೆ, ಅಥವಾ ಯಾರೋ ಒಮ್ಮೆ ಬಳಿದು ಕೆಡಿಸಿದ್ದರೆ, ಪೂರ್ತಿ ತೆಗೆಯಿರಿ. ಅದಕ್ಕೂ 91 ಅಥವಾ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲೇ ನನ್ನ ಆಯ್ಕೆ. ಕಿಟಕಿ ಗಾಜು, ಬಲ್ಬು, ತೂಕದ ಕಬ್ಬಿಣ ಎಲ್ಲ ಬಿಚ್ಚಿ, ಖಾಲಿ ಬಾಡಿಯನ್ನು ಮುಚ್ಚಳ ಇರುವ ಡಬ್ಬದಲ್ಲಿ ಮುಳುಗಿಸಿ. ಅದಕ್ಕೂ ಮೊದಲು ಬಾಡಿಯ ಒಳಮೈಗೆ ಒಂದು ತೊಟ್ಟು ಹಚ್ಚಿ, ಪ್ಲಾಸ್ಟಿಕ್ ಅಂಟಂಟಾಗುತ್ತದಾ ನೋಡಿ. ಈ ಪರೀಕ್ಷೆ ಬಿಟ್ಟು ಮುಂದೆ ಹೋಗುವವರಿಗೆ ನನ್ನ ಹತ್ತಿರ ಬೇರೆ ಸಲಹೆ ಇಲ್ಲ. ಮುಳುಗಿಸಿದ ಮೇಲೂ ಹದಿನೈದು ನಿಮಿಷಕ್ಕೊಮ್ಮೆ ನೋಡುತ್ತಿರಿ, ಮೆತ್ತಗಿನ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಕೆಲವು ಬಣ್ಣ ಅರ್ಧ ಗಂಟೆಯಲ್ಲಿ ಸುಲಿದು ಬರುತ್ತದೆ, ಕೆಲವು ಹಟ ಮಾಡುತ್ತವೆ. ಹಟ ಮಾಡಿತು ಎಂದು ವಾರಗಟ್ಟಲೆ ನೆನೆಸಬೇಡಿ, ಪ್ಲಾಸ್ಟಿಕ್ ಬಿರುಕು ಬಿಡಬಹುದು. ಹತ್ತಿರ ಬೆಂಕಿ ಬೇಡ, ಇದು ಬೇಗ ಹೊತ್ತಿಕೊಳ್ಳುವ ದ್ರವ. ಬಾಡಿ ಸತುವಿನ ಎರಕದ್ದಾದರೆ ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಹಾಕಬೇಡಿ, ಲೋಹವನ್ನೇ ತಿನ್ನುತ್ತದೆ.

ಆಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಹಳದಿ, ಕೆಂಪು ಹೊಡೆಯುವುದಾದರೆ ಮೊದಲು ಬಿಳಿ ಪ್ರೈಮರ್ (ತಳದ ಬಣ್ಣ) ಹಾಕಿ. ಬೂದು ಪ್ರೈಮರ್ ಮೇಲೆ ಹಳದಿ ಹೊಡೆದು "ಹಸಿರು ಬಂತು" ಎಂದು ಬರೆಯುವವರು ಬಹಳ ಜನ. ಎರಡು ಬಣ್ಣ ಇದ್ದರೆ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಏರ್‌ಬ್ರಷ್‌ನ ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ ಸಾಕು, ತೆಳ್ಳಗೆ ಹಲವು ಸಲ.

ಎರಡು ಬಣ್ಣದ ಗಡಿಗೆ ಅಂಟಿಸಿದ ಟೇಪಿನ ಕೆಳಗೆ ಬಣ್ಣ ನುಗ್ಗುತ್ತದೆ ಎಂದು ಟೇಪ್ ಬದಲಾಯಿಸುತ್ತಾ ಕೂರುವವರಿದ್ದಾರೆ. ತಪ್ಪು ಟೇಪಿನದಲ್ಲ. ಟೇಪ್ ಅಂಟಿಸಿ ಅಂಚನ್ನು ಒತ್ತಿ, ಅದರ ಮೇಲೆ ಮೊದಲು *ಟೇಪಿನ ಕೆಳಗಿರುವ* ಬಣ್ಣವನ್ನೇ ಒಂದು ತೆಳು ಪದರ ಹೊಡೆಯಿರಿ. ಸಂದು ಇದ್ದರೆ ಅದೇ ಬಣ್ಣ ನುಗ್ಗಿ ಮುಚ್ಚಿಕೊಳ್ಳುತ್ತದೆ, ಕಾಣುವುದಿಲ್ಲ. ಆಮೇಲೆ ಎರಡನೇ ಬಣ್ಣ. ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿದಂತೆ ಎಳೆದು ತೆಗೆಯಿರಿ. ಆದರೆ ಟೇಪ್ ಅಂಟಿಸುವ ಮುಂಚೆ ಮೊದಲ ಬಣ್ಣ ಒಣಗಿರಬೇಕು, ಅದಂತೂ ಗೊತ್ತೇ ಇರಬೇಕು ಅಲ್ವಾ? ಎನಾಮೆಲ್ ಆದರೆ ಮೂಗಿನ ಹತ್ತಿರ ಹಿಡಿದು ನೋಡಿ. ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ.

ಪ್ರಶ್ನೆ: ಅಕ್ಷರದ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಹಾಳೆ) ಸುತ್ತ ಬೆಳ್ಳಿಯಂಥ ಹೊಳಪು ಬರುತ್ತದೆ. ಮನೆಯಲ್ಲೇ ಪ್ರಿಂಟ್ ಮಾಡಿದ ಬಿಳಿ ಅಕ್ಷರ ಕಾಣುವುದೇ ಇಲ್ಲ.

ಮ್ಯಾಟ್ ಬಣ್ಣದ ಮೇಲ್ಮೈ ಒರಟು. ಡೆಕಾಲ್ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಅದೇ ಆ ಹೊಳಪು. ಮೊದಲು ನುಣುಪಾಗಿ ಕೂರುವ ಗ್ಲಾಸಿ ವಾರ್ನಿಷ್, ಅದರ ಮೇಲೆ ಡೆಕಾಲ್, ಆಮೇಲೆ ಡೆಕಾಲ್ ಮೆತ್ತಗಾಗಿಸುವ ದ್ರವ. ಡೆಕಾಲ್ ಸುಕ್ಕುಗಟ್ಟಿದಾಗ ಗಾಬರಿಯಿಂದ ಬೆರಳು ಹಾಕಬೇಡಿ, ಒಣಗುತ್ತಾ ತಾನೇ ಸರಿಹೋಗುತ್ತದೆ. ಕೊನೆಗೆ ಮ್ಯಾಟ್ ವಾರ್ನಿಷ್.

ಇನ್ನು ಬಿಳಿ ಅಕ್ಷರ. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಬಿಳಿ ಡೆಕಾಲ್ ಕಾಗದ ತಂದು ಸುತ್ತಲಿನ ಬಣ್ಣವನ್ನೇ ಪ್ರಿಂಟ್ ಮಾಡಬಹುದು, ಆದರೆ ಬಾಡಿಯ ಬಣ್ಣಕ್ಕೆ ಹೊಂದುವುದು ಕಷ್ಟ. ಬಿಳಿ ಟೋನರ್ ಇರುವವರ ಹತ್ತಿರ ಮಾಡಿಸಿ.

ಪ್ರಶ್ನೆ: ಹಿಡಿಕಂಬಿಯ ಬಣ್ಣ ಸುಲಿದು ಬರುತ್ತದೆ.

ಬಗ್ಗುವ ಕಂಬಿ ಹೆಚ್ಚಾಗಿ ಅಸಿಟಾಲ್ ಪ್ಲಾಸ್ಟಿಕ್, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಹಿತ್ತಾಳೆ ತಂತಿ ಬಗ್ಗಿಸಿ ಹೊಸದು ಮಾಡಿಕೊಳ್ಳಿ.

ಪ್ರಶ್ನೆ: ಅಂಟು ಹಾಕಿದ ಮೇಲೆ ಕಿಟಕಿ ಗಾಜು ಮಂಜಾಯಿತು.

ಸೂಪರ್ ಗ್ಲೂ ಆವಿ. ಬಿಳಿ ಪಿವಿಎ ಅಂಟು ಬಳಸಿ.

ಪ್ರಶ್ನೆ: ನನ್ನ ಬಣ್ಣ ನಿಜವಾದ ಇಂಜಿನ್ನಿನ ಬಣ್ಣದ ನಂಬರಿಗೇ ಸರಿಯಾಗಿದೆ. ಆದರೂ ಮಾಡೆಲ್ ಕಪ್ಪಗೆ ಕಾಣುತ್ತದೆ.

ಅದೇ ಬಣ್ಣ ಸಣ್ಣ ವಸ್ತುವಿನ ಮೇಲೆ, ಕೋಣೆಯ ಬೆಳಕಿನಲ್ಲಿ ಗಾಢವಾಗಿ ಕಾಣುತ್ತದೆ. ಸ್ವಲ್ಪ ಬಿಳಿ ಬೆರೆಸಿ. ನಂಬರ್ ಹಿಡಿದು ಜಗಳ ಮಾಡುವವರನ್ನು ಮಾಡಲು ಬಿಡಿ.

ಪ್ರಶ್ನೆ: ಕಿಟಕಿ ತೆಗೆದಿಟ್ಟು, ಬಟ್ಟೆ ಮಾಸ್ಕ್ ಹಾಕಿಕೊಂಡರೆ ಸಾಕಲ್ವಾ?

ಸಾಲದು. ಬಟ್ಟೆ ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ಮಾಡಿದ ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು, ಗಾಳಿ ಹೊರಗೆ ಎಳೆಯುವ ಫ್ಯಾನೂ ಬೇಕು. ಕಾರಿಗೆ ಹೊಡೆಯುವ, ಹಾರ್ಡನರ್ ಬೆರೆಸುವ ಕ್ಲಿಯರ್ ಕೋಟನ್ನು ಮನೆಯಲ್ಲಿ ಹೊಡೆಯಲೇಬೇಡಿ. ಅದರ ಐಸೋಸಯನೇಟ್ ಜೀವನಪೂರ್ತಿ ಉಳಿಯುವ ಆಸ್ತಮಾ ತರಬಲ್ಲದು. "ಹೊಳಪು ಸೂಪರ್ ಬರುತ್ತದೆ" ಎಂದು ಅದನ್ನು ಶಿಫಾರಸು ಮಾಡುವವರ ಮೇಲೆ ನನಗೆ ನಿಜವಾಗಿಯೂ ಕೋಪ ಬರುತ್ತದೆ.

ಪ್ರಶ್ನೆ: ಬಣ್ಣ ಹೊಡೆದ ಮೇಲೆ ಇಂಜಿನ್ ನಿಂತು ನಿಂತು ಓಡುತ್ತದೆ. ಒಳಗಿನ ಡಿಕೋಡರ್ (ಇಂಜಿನ್ ನಡೆಸುವ ಸಣ್ಣ ಸರ್ಕ್ಯೂಟ್) ಹೋಯಿತಾ?

ಚಕ್ರದ ಮೇಲೆ ಬಣ್ಣ ಬಿದ್ದಿದೆ, ಹಳಿಯಿಂದ ಕರೆಂಟ್ ಸರಿಯಾಗಿ ಸಿಗುತ್ತಿಲ್ಲ. ಒರೆಸಿ.