ಯೋಜನಾ ಶಾಖೆಯ ಸಿಬ್ಬಂದಿಗೆ ಮೌಲ್ಯಮಾಪನ ಕಲಿಸುವುದು ಹೇಗೆ?

ಕಲಬುರಗಿಯಲ್ಲಿ ನಿಮ್ಮ ಶಾಖೆಯ ಆರು ಮಂದಿಗೆ ಎರಡು ದಿನದ ತರಬೇತಿ ಆಗಿದೆ, ಆದರೂ ಅವರು ಬರೆಯುವ ಸರ್ಕಾರಿ ಯೋಜನೆಗಳ ಮೌಲ್ಯಮಾಪನ ವರದಿ ಮಾಸಿಕ ಪ್ರಗತಿ ವರದಿಯಂತೆಯೇ ಇದೆ ಎಂದಿದ್ದೀರಿ.

ಇನ್ನೊಂದು ತರಬೇತಿ ಇಡಬೇಡಿ. ಒಂದು ಸಣ್ಣ ಕೆಲಸ ಕೈಗೆ ಕೊಟ್ಟು ಎಂಟು ವಾರ ಮಾಡಿಸಿ. ಭೌತಿಕ ಗುರಿ, ಆರ್ಥಿಕ ಸಾಧನೆ ಎಲ್ಲವನ್ನೂ ಅವರು ದಿನವೂ ತುಂಬುತ್ತಾರೆ, ಅಂಕಿ ಅವರಿಗೆ ಹೊಸದಲ್ಲ. ‘ಕೆಲಸ ಮುಗಿಯಿತೇ’ ಎನ್ನುವುದನ್ನು ದಾಟಿ ‘ಅದರಿಂದ ಮನೆಯವರಿಗೆ ಏನಾಯಿತು’ ಎಂದು ಕೇಳುವ ರೂಢಿ ಇಲ್ಲ, ಅಷ್ಟೇ.

ಅಭ್ಯಾಸಕ್ಕೆ ಹಳ್ಳಿಯ ಮನೆಮನೆಗೆ ನಳದ ನೀರು ಕೊಡುವ ಜಲಜೀವನ್ ಮಿಷನ್ ಯೋಜನೆ ಚೆನ್ನಾಗಿ ಒಗ್ಗುತ್ತದೆ. ಕಡತದಲ್ಲಿ ಸಿಗುವುದು ನಳಗಳ ಲೆಕ್ಕ; ಯೋಜನೆ ಕೊಟ್ಟ ಮಾತು ತಲೆಗೆ ದಿನಕ್ಕೆ 55 ಲೀಟರ್ ನೀರು. ಮೊದಲು ಒಂದೇ ಹಾಳೆಯಲ್ಲಿ ದುಡ್ಡು, ಪೈಪು, ನಳ, ನೀರು, ಕೊಡ ಹೊರುವುದು ತಪ್ಪಿ ಉಳಿದ ಹೊತ್ತು ಎಂದು ಸಾಲಾಗಿ ಬರೆಸಿ, ಪ್ರತಿ ಹಂತದ ಎದುರು ಅದು ಎಲ್ಲಿ ಕೈಕೊಡಬಹುದು ಎಂದು ಗುರುತಿಸಲು ಹೇಳಿ: ಬೇಸಿಗೆಯಲ್ಲಿ ಬತ್ತುವ ಕೊಳವೆಬಾವಿ, ತುಂಬದ ಟ್ಯಾಂಕ್, ಸುಟ್ಟ ಮೋಟಾರು. ಪ್ರಶ್ನೆಗಳು ಅಲ್ಲಿಂದಲೇ ಹುಟ್ಟಬೇಕು.

ಪ್ರಶ್ನೆ ಬರೆಯಲು ಮಾತ್ರ ಪೂರ್ತಿ ಎರಡು ವಾರ ಕೊಡಿ. ‘ಸಮರ್ಪಕವಾಗಿ ನೀರು ಪೂರೈಕೆಯಾಗುತ್ತಿದೆಯೇ?’ ಎಂದರೆ ಆಫೀಸಿನವರ ಮುಂದೆ ಯಾರಾದರೂ ‘ಹೂಂ ರೀ’ ಅಂತಾರೆ. ‘ನಿನ್ನಿ ನಳಕ್ಕ ನೀರು ಬಂದಿತ್ತೇನ್ರಿ? ಎಷ್ಟೊತ್ತು ಬಂತು?’ ಎಂದರೆ ನಿಜ ಹೊರಬೀಳುತ್ತದೆ. ತಾಂಡಾಗಳಿಗೆ ಲಂಬಾಣಿ ಬಲ್ಲವರನ್ನೇ ಕಳಿಸಿ. ನೀರು ಬಿಡುವ ಹೊತ್ತಿಗೆ ಹೋಗಿ ಅಳತೆಯನ್ನೂ ಮಾಡಿಸಿ: 10 ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬಿದರೆ, ಐವರ ಮನೆಗೆ ಬೇಕಾದ 275 ಲೀಟರಿಗೆ ದಿನಕ್ಕೆ ಸುಮಾರು 28 ನಿಮಿಷ ನೀರು ಬರಬೇಕು.

10 ಊರು, ಊರಿಗೆ 12 ಮನೆ ಸಾಕು. ಮನೆ ಆರಿಸುವ ಕೆಲಸ ಪಂಚಾಯಿತಿಯವರಿಗೆ ಬಿಡಬೇಡಿ. ಟ್ಯಾಂಕಿನ ಹತ್ತಿರದ ಮನೆಗಳನ್ನೇ ತೋರಿಸುತ್ತಾರೆ. ಲೈನಿನ ಆರಂಭ, ನಡು, ಕೊನೆ ಎಂದು ಮೂರು ಭಾಗ ಮಾಡಿ, ಒಂದೊಂದರಲ್ಲೂ ಚೀಟಿ ಎತ್ತಿ ನಾಲ್ಕು ಮನೆ ಹಿಡಿಯಿರಿ. ಒಟ್ಟು 120ರಲ್ಲಿ 12 ಮನೆಗೆ ಬೇರೊಬ್ಬರು ಮತ್ತೆ ಹೋಗಲಿ. ಎರಡು ಸಲದ ಉತ್ತರ ತಾಳೆಯಾಗದಿದ್ದರೆ ಪ್ರಶ್ನೆ ಕೆಟ್ಟಿದೆ, ಇಲ್ಲವೇ ಯಾರೋ ಕೂತಲ್ಲೇ ಫಾರ್ಮ್ ತುಂಬಿದ್ದಾರೆ. ಚಿಂಚೋಳಿ ತಾಲ್ಲೂಕಿನ ಕೆಲಸ ನೋಡುವವರು ಅಫಜಲಪುರಕ್ಕೆ, ಅಫಜಲಪುರದ್ದು ನೋಡುವವರು ಚಿಂಚೋಳಿಗೆ ಹೋಗಲಿ. ತಾವೇ ಮಾಡಿಸಿದ ಕೆಲಸದ ತಪ್ಪು ಬರೆಯುವುದು ಯಾರಿಗೂ ಸುಲಭವಲ್ಲ. ಗುಳೆ ಹೋದ ತಿಂಗಳಲ್ಲಿ ಸಮೀಕ್ಷೆ ಇಟ್ಟರೆ ಬೀಗ ಹಾಕಿದ ಮನೆಗಳೇ, ಅಂದರೆ ಬಡವರ ಮನೆಗಳೇ, ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಹೋಲಿಕೆಯನ್ನು ಕಲಿಸಲು ನೆರೆಯ ಯಾದಗಿರಿಯ ಉದಾಹರಣೆ ಕೊಡಿ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ, ಮಕ್ಕಳ ಎತ್ತರ, ತೂಕವನ್ನು ಆಗ ಮೊಟ್ಟೆ ಸಿಗದಿದ್ದ ಗದಗದ ಮಕ್ಕಳ ಜೊತೆ ಹೋಲಿಸಿ ನೋಡಲಾಯಿತು. ಬೆಳೆಯುವ ಮಕ್ಕಳ ತೂಕ ಹೇಗೂ ಏರುತ್ತದೆ. ಮೊಟ್ಟೆಯಿಂದ ಏರಿದ್ದೆಷ್ಟು ಎಂದು ತಿಳಿಯಲು ಇನ್ನೊಂದು ಜಿಲ್ಲೆ ಬೇಕೇ ಬೇಕು.

ಸರ್ಕಾರಿ ಯೋಜನೆಗಳ ಮೌಲ್ಯಮಾಪನ ನೋಡಿಕೊಳ್ಳುವ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ 2011ರಿಂದ ಇದೆ, ಅಧ್ಯಯನ ಮಾಡುವ ಕೆಲಸವನ್ನು ಹೊರಗಿನ ಸಂಸ್ಥೆಗಳಿಗೂ ಕೊಡುತ್ತಾರೆ. ಹಾಗೆ ಕೊಟ್ಟಾಗಲೂ ಈ ಅಭ್ಯಾಸ ವ್ಯರ್ಥವಲ್ಲ: ಒಮ್ಮೆ ತಾವೇ ಮನೆ ಆರಿಸಿದವರು, ಸಂಸ್ಥೆ ತಂದ ವರದಿಯಲ್ಲಿ ಮನೆಗಳನ್ನು ಹೇಗೆ ಆರಿಸಿದ್ದಾರೆ ಎಂಬ ಪುಟವನ್ನು ಮೊದಲು ತೆರೆಯುತ್ತಾರೆ.

ವರ್ಗಾವಣೆಯದ್ದೇ ದೊಡ್ಡ ತಲೆನೋವು. ಪ್ರತಿ ಕೆಲಸಕ್ಕೂ ಇಬ್ಬರನ್ನು ಜೋಡಿಸಿ, ಪ್ರಶ್ನಾವಳಿ, ಮೂಲ ದತ್ತಾಂಶ, ಮನೆ ಆರಿಸಿದ ಪಟ್ಟಿ ಮೂರನ್ನೂ ಶಾಖೆಯ ಕಂಪ್ಯೂಟರಿನಲ್ಲಿ ಒಂದೇ ಫೋಲ್ಡರಿನಲ್ಲಿ ಇಡಿಸಿ; ಒಬ್ಬರ ಪೆನ್‌ಡ್ರೈವ್‌ನಲ್ಲಿ ಉಳಿದರೆ ಅವರ ಜೊತೆಗೇ ಹೋಗುತ್ತದೆ.