ಅಜ್ಜನ ಮುಖ ಅಜ್ಜನದೇ ಆಗಿರಲಿ: ಎಐ ಮತ್ತು ಫೋಟೊ ಎಡಿಟಿಂಗ್ ಕುರಿತ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಲೆನ್ಸ್, ಟ್ರೈಪಾಡ್ ಕುರಿತ ಪ್ರಶ್ನೆಗಳು ಕಡಿಮೆ, ಎಐ ಕುರಿತವೇ ಹೆಚ್ಚು. ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಮೀಸಲು.

ನಮ್ಮಜ್ಜನದು ಇರುವುದು ಒಂದೇ ಫೋಟೊ. ಕಪ್ಪು-ಬಿಳುಪು, ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕದು, ಅದರಲ್ಲೂ ನಾಲ್ಕು ಜನರ ನಡುವೆ ನಿಂತಿದ್ದಾರೆ. ಮೊಬೈಲ್ ಆ್ಯಪ್‌ನಲ್ಲಿ ದೊಡ್ಡದು ಮಾಡಿಸಿದರೆ ಚಿತ್ರ ಫಳಫಳ ಹೊಳೆಯಿತು, ಆದರೆ ಅಪ್ಪ ನೋಡಿ ‘ಇದ್ಯಾರು?’ ಎಂದರು. ಏನು ಮಾಡಲಿ? — ಓದುಗರು, ಶಿರಸಿ

ನಿಮ್ಮ ತಂದೆ ಹೇಳಿದ್ದು ಸರಿ, ಅದು ಬೇರೆ ಯಾರೋ. ಜಿಎಫ್‌ಪಿಗ್ಯಾನ್, ಕೋಡ್‌ಫಾರ್ಮರ್‌ನಂಥ, ಮುಖ ಸ್ಪಷ್ಟ ಮಾಡುವ ಎಐ ಮಾದರಿಗಳು ಮಸುಕಾದ ಮುಖದೊಳಗೆ ಅಡಗಿರುವುದನ್ನು ಹೊರಗೆ ತೆಗೆಯುವುದಿಲ್ಲ. ತಾವು ಕಲಿತ ಮುಖಗಳಿಂದ ಕಣ್ಣು, ಹಲ್ಲು, ಚರ್ಮ ತಂದು ಕೂರಿಸುತ್ತವೆ. ಇವೆರಡೂ ಕಲಿತದ್ದು ಎಫ್‌ಎಫ್‌ಎಚ್‌ಕ್ಯೂ ಎಂಬ ಸಂಗ್ರಹದಿಂದ. ಫ್ಲಿಕರ್ ತಾಣದಲ್ಲಿ ಜನ ಹಾಕಿದ್ದ ಫೋಟೊಗಳಿಂದ ಆರಿಸಿದ 70,000 ಮುಖಗಳು ಅದರಲ್ಲಿವೆ. ಮುಖಕ್ಕೆ ಸಿಕ್ಕಿರುವ ಪಿಕ್ಸೆಲ್ ಕಡಿಮೆಯಾದಷ್ಟೂ ಊಹೆ ಹೆಚ್ಚು. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಸ್ಕ್ಯಾನರ್‌ನಲ್ಲಿ, ಆ್ಯಪ್‌ನಲ್ಲಲ್ಲ.

ಫೋಟೊದಲ್ಲಿ ಅಜ್ಜನ ಮುಖ 8 ಮಿಲಿಮೀಟರ್ ಎತ್ತರ ಇದೆ ಎಂದುಕೊಳ್ಳಿ. 600 ಡಿಪಿಐನಲ್ಲಿ (ಡಿಪಿಐ ಎಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ) ಸ್ಕ್ಯಾನ್ ಮಾಡಿದರೆ ಅದಕ್ಕೆ ಸುಮಾರು 190 ಪಿಕ್ಸೆಲ್ ಸಿಗುತ್ತದೆ, 1200 ಡಿಪಿಐನಲ್ಲಿ 380. ಇಷ್ಟು ಚಿಕ್ಕ ಪ್ರಿಂಟ್‌ಗೆ 1200 ಇಡಿ; ಪೋಸ್ಟ್‌ಕಾರ್ಡ್ ಗಾತ್ರದ್ದಾದರೆ 600 ಸಾಕು. ಅದಕ್ಕೂ ಮೇಲೆ ಹೋದರೆ ಸಾಮಾನ್ಯವಾಗಿ ಫೈಲ್ ಊದಿಕೊಳ್ಳುತ್ತದೆಯೇ ಹೊರತು ಕಾಗದದಲ್ಲಿ ಇಲ್ಲದ ವಿವರ ಬರುವುದಿಲ್ಲ. ಸ್ಕ್ಯಾನರ್‌ನ ಡಸ್ಟ್ ರಿಮೂವಲ್, ಶಾರ್ಪನಿಂಗ್ ಎರಡನ್ನೂ ಆಫ್ ಮಾಡಿ. 16 ಬಿಟ್ ಟಿಫ್ ಆಗಿ ಉಳಿಸಿ. ಕಪ್ಪು-ಬಿಳುಪಾದರೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ. ಕಾರಣ ಇದೆ: ಕಲರ್ ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಿಂದ ಆದದ್ದು; ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಫೋಟೊಶಾಪ್‌ನಲ್ಲಿ ಚಾನೆಲ್ಸ್ ತೆರೆದು ಕೆಂಪನ್ನಷ್ಟೇ ಇಟ್ಟುಕೊಂಡರೆ ಅರ್ಧ ಕಲೆ ಎಐ ಇಲ್ಲದೆಯೇ ಹೋಯಿತು. ಜಾಲರಿಯಂಥ ಉಬ್ಬು ಇರುವ ಕಾಗದವಾದರೆ ಒಮ್ಮೆ ನೇರವಾಗಿ, ಒಮ್ಮೆ 180 ಡಿಗ್ರಿ ತಿರುಗಿಸಿ ಸ್ಕ್ಯಾನ್ ಮಾಡಿ, ಎರಡನೆಯದನ್ನು ಕಂಪ್ಯೂಟರ್‌ನಲ್ಲಿ ನೇರ ಮಾಡಿ, ಎರಡನ್ನೂ ಒಂದರ ಮೇಲೊಂದು ಕೂರಿಸಿ ಮೇಲಿನದ್ದಕ್ಕೆ 50 ಶೇಕಡ ಒಪ್ಯಾಸಿಟಿ ಕೊಡಿ, ಅಂದರೆ ಅರ್ಧ ಪಾರದರ್ಶಕ ಮಾಡಿ. ಉಬ್ಬಿನ ನೆರಳುಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ಫೋಟೊ ಗಾಜಿಗೆ ಅಂಟಿದ್ದರೆ ಕೀಳಲು ಹೋಗಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಇನ್ನೊಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸಿ, ನೀವು ಪಟ್ಟ ಶ್ರಮವನ್ನೆಲ್ಲ ನೀರುಪಾಲು ಮಾಡುತ್ತದೆ.

ಆಮೇಲೆ ಎಐ. ಗೀರು, ಮಡಿಕೆ, ಹರಿದ ಮೂಲೆ, ಹಿಂದಿನ ಪರದೆ ಇವಕ್ಕೆಲ್ಲ ಫೋಟೊಶಾಪ್‌ನ ರಿಮೂವ್ ಟೂಲ್ ಧಾರಾಳವಾಗಿ ಬಳಸಿ, ಆದರೆ ಬೇರೆ ಲೇಯರ್‌ನಲ್ಲಿ (ಮೂಲದ ಮೇಲಿಡುವ ಪದರದಲ್ಲಿ). ಮುಖಕ್ಕೆ ಮಾತ್ರ ಲಗಾಮು ಬೇಕು. ಕೋಡ್‌ಫಾರ್ಮರ್‌ನಲ್ಲಿ 0ಯಿಂದ 1ರವರೆಗೆ ಒಂದು ಅಳತೆ ಇದೆ: 0 ಕಡೆಗೆ ಹೋದಷ್ಟೂ ಮುಖ ನುಣುಪು, 1ರ ಕಡೆಗೆ ಹೋದಷ್ಟೂ ಮೂಲಕ್ಕೆ ನಿಷ್ಠೆ. 0.8ರಿಂದ ಶುರು ಮಾಡಿ. ಬಂದದ್ದನ್ನು ಮೂಲದ ಮೇಲೆ ಲೇಯರ್ ಮಾಡಿ ಒಪ್ಯಾಸಿಟಿಯನ್ನು 30–40 ಶೇಕಡಕ್ಕೆ ಇಳಿಸಿ, ಆ ಎಐ ಲೇಯರ್‌ನಲ್ಲಿ ಕಣ್ಣು ಮತ್ತು ಬಾಯಿಯ ಜಾಗವನ್ನು ಮಾಸ್ಕ್‌ನಿಂದ ಮರೆಮಾಡಿ, ಅಲ್ಲಿ ಮೂಲವೇ ಕಾಣಲಿ. ಗುರುತು ಹಿಡಿಯುವುದು ಅಲ್ಲಿಂದಲೇ. ಅಲ್ಲಿ ಸ್ವಲ್ಪ ಮಸುಕೇ ಇರಲಿ. ಅಜ್ಜನನ್ನು ಕಂಡವರಿಗೆ ತೋರಿಸಿ ಮಚ್ಚೆ, ಸಿಡುಬಿನ ಕಲೆ, ಒಂದು ಕಡೆ ಇಳಿದ ಹುಬ್ಬು ಉಳಿದಿವೆಯೇ ಕೇಳಿ. ಇಂಥದ್ದನ್ನೇ ಎಐ ಮೊದಲು ‘ಸರಿಪಡಿಸುವುದು’.

ಬಣ್ಣ ತುಂಬಿಸುವ ಆಸೆ ಇದ್ದರೆ ಒಂದು ಮಾತು. ಒಂದೇ ಬೂದು ಛಾಯೆ ಕೆಂಪು ಪೇಟದ್ದೂ ಆಗಿರಬಹುದು, ಹಸಿರಿನದ್ದೂ ಆಗಿರಬಹುದು. ಎಐ ಸುಮ್ಮನೆ ಒಂದನ್ನು ಆರಿಸುತ್ತದೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಹಾಗಾಗಿ ಅದರಲ್ಲಿ ಕುಂಕುಮ, ತುಟಿ ಕಪ್ಪಾಗಿ ಬಂದಿರುತ್ತವೆ. ಬಣ್ಣ ಮನೆಯವರನ್ನು ಕೇಳಿ ಹಾಕುವುದೇ ವಾಸಿ.

ಮದುವೆ ಫೋಟೊ ಸ್ಟುಡಿಯೊ ನಮ್ಮದು. ಆಯ್ಕೆ ಮಾಡುವ ಎಐ ಸಾಫ್ಟ್‌ವೇರ್ ಹಾಕಿಸಿದೆವು. ಸಮಯವೇನೋ ಉಳಿಯಿತು, ಆದರೆ ಮುಖ್ಯ ಫೋಟೊಗಳೇ ರಿಜೆಕ್ಟ್ ಫೋಲ್ಡರ್‌ಗೆ ಹೋಗುತ್ತಿವೆ. — ಸ್ಟುಡಿಯೊದವರು, ದಾವಣಗೆರೆ

ಈ ಸಾಫ್ಟ್‌ವೇರ್‌ಗಳು ನೋಡುವುದು ಮುಖ್ಯವಾಗಿ ಮೂರು: ಕಣ್ಣು ತೆರೆದಿದೆಯೇ, ಫೋಕಸ್ ಇದೆಯೇ, ಇಂಥದೇ ಇನ್ನೊಂದು ಫ್ರೇಮ್ ಇದೆಯೇ. ನಮ್ಮ ಮದುವೆಯಲ್ಲಿ ಇವು ಮೂರೂ ಮುಗ್ಗರಿಸುವ ಜಾಗಗಳಿವೆ. ಧಾರೆಯ ಹೊತ್ತಿಗೆ ವಧು ತಲೆ ತಗ್ಗಿಸಿರುತ್ತಾಳೆ, ತಾಯಿ ಕಣ್ಣು ಮುಚ್ಚಿ ಕೈ ಮುಗಿದಿರುತ್ತಾರೆ. ಸಾಫ್ಟ್‌ವೇರ್‌ಗೆ ಇದು ‘ಕಣ್ಣು ಮುಚ್ಚಿದ ಫೋಟೊ’. ಹೋಮದ ಹೊಗೆಯಲ್ಲಿ ಕಾಂಟ್ರಾಸ್ಟ್ ಇಳಿದಿರುತ್ತದೆ, ಅದು ‘ಮಸುಕು’. ತಾಳಿ ಕಟ್ಟುವಾಗಿನ ಹತ್ತಾರು ಫ್ರೇಮ್‌ಗಳಲ್ಲಿ ಮುಖ ಚೂಪಾಗಿರುವುದನ್ನು ಅದು ಆರಿಸುತ್ತದೆ, ಗಂಟು ಹಾಕುವ ಬೆರಳು ಕಾಣುವುದನ್ನಲ್ಲ.

ಇದಕ್ಕೆ ಸಾಫ್ಟ್‌ವೇರ್ ಬದಲಿಸಬೇಕಿಲ್ಲ. ಕಾರ್ಡ್‌ನಿಂದ ಇಳಿಸುವಾಗಲೇ ಸಮಯ ನೋಡಿ ಎರಡು ಫೋಲ್ಡರ್ ಮಾಡಿ. ಮುಹೂರ್ತದ ಆಸುಪಾಸಿನ ಶಾಸ್ತ್ರಗಳೆಲ್ಲ ಒಂದರಲ್ಲಿ. ಅದರಲ್ಲಿ ಕಣ್ಣು ಮುಚ್ಚಿದ್ದನ್ನು ಹಿಡಿಯುವ ಆಯ್ಕೆ ಆಫ್ ಮಾಡಿ, ಒಂದೇ ಥರದವನ್ನು ಗುಂಪು ಮಾಡಲು ಮಾತ್ರ ಬಿಟ್ಟು, ಗುಂಪಿನೊಳಗಿನ ಆಯ್ಕೆಯನ್ನು ಕೈಯಲ್ಲೇ ಮಾಡಿ. ಆರತಕ್ಷತೆಯ ಸಾಲು, ಊಟದ ಪಂಕ್ತಿ, ವೇದಿಕೆಯ ಗುಂಪು ಫೋಟೊಗಳು ಇನ್ನೊಂದರಲ್ಲಿ. ಅದನ್ನು ಪೂರ್ತಿ ಎಐಗೆ ಬಿಡಬಹುದು, ಉಳಿತಾಯ ಆಗುವುದೂ ಅಲ್ಲೇ. ಆಲ್ಬಮ್ ಪ್ರಿಂಟ್ ಆಗಿ ಗ್ರಾಹಕರ ಕೈ ಸೇರುವವರೆಗೆ ರಿಜೆಕ್ಟ್ ಫೋಲ್ಡರ್ ಅಳಿಸಬೇಡಿ.

ನೀವು ಕೇಳಿಲ್ಲ, ಆದರೂ ರಿಟಚಿಂಗ್ ಬಗ್ಗೆ ಹೇಳಲೇಬೇಕು. ಚರ್ಮ ನುಣುಪು ಮಾಡುವ ಎಐ, ಅರಿಶಿನ ಹಚ್ಚಿದ ಮುಖವನ್ನು ಬಣ್ಣದ ದೋಷ ಎಂದು ತಿಳಿದು ತೊಳೆಯುತ್ತದೆ, ಮೂಗುಬೊಟ್ಟನ್ನು ಮೊಡವೆ ಎಂದು ಅಳಿಸುತ್ತದೆ, ಕುಂಕುಮದ ಅಂಚನ್ನು ಹಣೆಗೆ ಕದಡುತ್ತದೆ. ಸ್ಲೈಡರ್ 20–25ರ ಮೇಲೆ ಹೋದರೆ ಇವು ಕಾಣತೊಡಗುತ್ತವೆ. ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ನ ಪೀಪಲ್ ಮಾಸ್ಕ್ (ಜನರನ್ನು ಗುರುತಿಸುವ ಆಯ್ಕೆ) ಮುಖದ ಚರ್ಮ, ಹುಬ್ಬು, ತುಟಿ, ಕೂದಲು, ಬಟ್ಟೆಯನ್ನು ಬೇರೆ ಬೇರೆ ಹಿಡಿಯುತ್ತದೆ. ಮುಖದ ಚರ್ಮವನ್ನಷ್ಟೇ ಆರಿಸಿ, ಟೆಕ್ಸ್ಚರ್ ಅನ್ನು ಮೈನಸ್ 15ರಷ್ಟು ಇಳಿಸಿದರೆ ಬಹುತೇಕ ಕೆಲಸ ಮುಗಿಯುತ್ತದೆ. ಮಾಸ್ಕ್ ಸೋರುವುದು ಹೆಚ್ಚಾಗಿ ಎರಡು ಕಡೆ: ಮಲ್ಲಿಗೆ ದಂಡೆ ಕೂದಲಿಗೆ ಸೇರುವಲ್ಲಿ, ಜರಿ ಅಂಚು ಕುತ್ತಿಗೆಗೆ ತಾಗುವಲ್ಲಿ. ಅಲ್ಲಿ ಬ್ರಷ್‌ನಿಂದ ಕಳೆಯಿರಿ. ಇನ್ನು ಎಲ್ಲರನ್ನೂ ಎರಡು ಛಾಯೆ ಬೆಳ್ಳಗೆ ಮಾಡುವ ರೆಡಿಮೇಡ್ ಪ್ರೊಫೈಲ್‌ಗಳು ಮಾರಾಟಕ್ಕಿವೆ. ಬೇಡ. ಹಸಿರು ರೇಷ್ಮೆ ಸೀರೆಯೂ ಅದರ ಜೊತೆಗೇ ಪೇಲವವಾಗುತ್ತದೆ, ಸೀರೆ ಕೊಂಡವರು ಅದನ್ನು ಮೊದಲು ಗಮನಿಸುತ್ತಾರೆ.

ಫೋನಿನಲ್ಲಿ ತೆಗೆದ ಚಂದ್ರನ ಫೋಟೊ ನಿಜವೇ? — ಪಿಯುಸಿ ವಿದ್ಯಾರ್ಥಿ, ಗದಗ

ಅರ್ಧ ನಿಜ. 2023ರಲ್ಲಿ ಒಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನಿನಲ್ಲಿ ತೆಗೆದಾಗ, ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಬಂದವು. ಫೋನು ಚಂದ್ರನನ್ನು ಗುರುತಿಸಿ ಎಐನಿಂದ ವಿವರ ಹೆಚ್ಚಿಸುತ್ತದೆ ಎಂದು ಕಂಪನಿಯೇ ವಿವರಿಸಿತು. ಚಂದ್ರ ಸದಾ ಒಂದೇ ಮುಖವನ್ನು ಭೂಮಿಗೆ ತೋರಿಸುವುದರಿಂದ ಈ ಕೆಲಸ ಸುಲಭ. ನಿಮಗೆ ಸಿಕ್ಕಿದ್ದೇ ಬೇಕಿದ್ದರೆ ಸೀನ್ ಆಪ್ಟಿಮೈಸರ್ ಆಫ್ ಮಾಡಿ, ಪ್ರೊ ಮೋಡ್‌ನಲ್ಲಿ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಶಟರ್ 1/125 ಸೆಕೆಂಡ್ ಇಟ್ಟು ಟ್ರೈಪಾಡ್ ಮೇಲೆ ತೆಗೆಯಿರಿ. ಚಂದ್ರ ಚಿಕ್ಕದಾಗಿ ಬರುತ್ತದೆ, ಬರಲಿ.

ರಂಗನತಿಟ್ಟಿನಲ್ಲಿ ಬೆಳಿಗ್ಗೆ ತೆಗೆದ ಹಕ್ಕಿಗಳು ಐಎಸ್‌ಒ 6400. ಕಾಳುಕಾಳಾದ ನಾಯ್ಸ್ ತೆಗೆಯಲು ಡಿನಾಯ್ಸ್ ಮಾಡಿದರೆ ಗರಿ ಪ್ಲಾಸ್ಟಿಕ್‌ನಂತಾಗುತ್ತದೆ. ಸ್ಪರ್ಧೆಗೂ ಕಳಿಸಬೇಕು. — ಹವ್ಯಾಸಿ, ಮೈಸೂರು

ಲೈಟ್‌ರೂಮ್‌ಗೆ 2023ರ ಏಪ್ರಿಲ್‌ನಲ್ಲಿ ಬಂದ ಎಐ ಡಿನಾಯ್ಸ್ ರಾ ಫೈಲ್‌ನ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೈಲ್) ಸೆನ್ಸರ್ ಮಾಹಿತಿಯನ್ನೇ ಓದಿ, ಬಣ್ಣ ಕಟ್ಟುವುದನ್ನೂ ನಾಯ್ಸ್ ತೆಗೆಯುವುದನ್ನೂ ಒಟ್ಟಿಗೆ ಮಾಡುತ್ತದೆ. ಆದ್ದರಿಂದ ಜೆಪೆಗ್ ಬಿಟ್ಟು ರಾ ತೆಗೆಯಿರಿ. ಸ್ಲೈಡರ್ ತಾನಾಗಿ 50ರಲ್ಲಿ ನಿಂತಿರುತ್ತದೆ; ಗರಿಗೆ 25–40 ಸಾಕು, ಹಿನ್ನೆಲೆ ಇನ್ನೂ ಒರಟಾಗಿದ್ದರೆ ಅದನ್ನು ಬೇರೆ ಮಾಸ್ಕ್‌ನಲ್ಲಿ ನುಣುಪು ಮಾಡಿ. ಡಿನಾಯ್ಸ್ ಮೊದಲು, ಮಾಸ್ಕ್ ಮತ್ತು ಹೀಲಿಂಗ್ ಆಮೇಲೆ. ಫಲಿತಾಂಶವನ್ನು 100 ಶೇಕಡ ಜೂಮ್‌ನಲ್ಲಿ ನೋಡಿ: ಗರಿಯ ಎಳೆಗಳು ಹುಳುಗಳಂತೆ ಸುತ್ತಿಕೊಂಡಿದ್ದರೆ ಇಲ್ಲವೇ ಎರಡೆರಡು ಎಳೆ ಕೂಡಿ ಒಂದಾಗಿದ್ದರೆ ಇಳಿಸಿ. ಶಟರ್ ನಿಧಾನವಾಗಿ ರೆಕ್ಕೆ ಅಲುಗಿದ್ದರೆ ಅದು ನಾಯ್ಸ್ ಅಲ್ಲ. ಎಐ ಶಾರ್ಪನಿಂಗ್ ಅಲ್ಲಿ ಇಲ್ಲದ ಎಳೆಗಳನ್ನು ಬರೆಯುತ್ತದೆ. ದೋಣಿಯಿಂದ ತೆಗೆಯುವಾಗ ಐಎಸ್‌ಒ ಇಳಿಸುವ ಆಸೆಗೆ ಶಟರ್ ಇಳಿಸುವುದಕ್ಕಿಂತ ಐಎಸ್‌ಒ 6400 ಒಪ್ಪಿಕೊಳ್ಳುವುದೇ ಲಾಭ.

ಸ್ಪರ್ಧೆಯ ನೇಚರ್ ವಿಭಾಗದಲ್ಲಿ ಸಾಮಾನ್ಯವಾಗಿ ಕ್ರಾಪ್, ಬೆಳಕು ತಿದ್ದುವುದು, ನಾಯ್ಸ್ ತೆಗೆಯುವುದು ನಡೆಯುತ್ತದೆ. ಅಡ್ಡ ಬಂದ ಕಡ್ಡಿಯನ್ನು ಜನರೇಟಿವ್ ರಿಮೂವ್‌ನಿಂದ ತೆಗೆದರೆ ಔಟ್. ತೀರ್ಪುಗಾರರು ರಾ ಕೇಳಬಹುದು, ಅಳಿಸದೆ ಇಟ್ಟುಕೊಳ್ಳಿ.

ಅಂಗಡಿ ಬೀದಿಯ ಫೋಟೊದಲ್ಲಿ ವಿದ್ಯುತ್ ಕಂಬ ತೆಗೆಯಲು ಫೋಟೊಶಾಪ್‌ನ ಜನರೇಟಿವ್ ಫಿಲ್ (ಆರಿಸಿದ ಜಾಗವನ್ನು ಎಐ ತುಂಬುವ ಸಾಧನ) ಬಳಸಿದೆ. ಪರದೆಯಲ್ಲಿ ಚೆನ್ನಾಗಿತ್ತು, ದೊಡ್ಡ ಪ್ರಿಂಟ್‌ನಲ್ಲಿ ಆ ಜಾಗ ಮಾತ್ರ ಮಸುಕು. — ಡಿಸೈನರ್, ಹುಬ್ಬಳ್ಳಿ

ಈ ಸಾಧನ 2023ರಲ್ಲಿ ಬಂದಾಗ ಅದು ಹುಟ್ಟಿಸುತ್ತಿದ್ದ ಚಿತ್ರದ ಮಿತಿ 1024 ಪಿಕ್ಸೆಲ್. ನೀವು 3000 ಪಿಕ್ಸೆಲ್ ಎತ್ತರದ ಕಂಬ ಆರಿಸಿದರೆ ಅದು 1024ರಲ್ಲೇ ಬರೆದು ಹಿಗ್ಗಿಸುತ್ತಿತ್ತು. ಆಮೇಲೆ ಸುಧಾರಿಸಿದೆ, ಆದರೂ ತುಂಡು ತುಂಡಾಗಿ ಮಾಡುವ ಪದ್ಧತಿ ಬಿಡಬೇಡಿ: ಒಂದೊಂದು ಸಲ 800–1000 ಪಿಕ್ಸೆಲ್ ಆರಿಸಿ, ಹಿಂದಿನ ತುಂಡಿನ ಮೇಲೆ ಸ್ವಲ್ಪ ಹತ್ತುವಂತೆ ಮುಂದುವರಿಯಿರಿ. ಕೊನೆಗೆ ಆ ಜಾಗಕ್ಕೆ ಸ್ವಲ್ಪ ನಾಯ್ಸ್ ಸೇರಿಸಿ. ಮೂಲದಲ್ಲಿ ಕ್ಯಾಮೆರಾದ ಕಾಳು ಇರುತ್ತದೆ, ಹುಟ್ಟಿಸಿದ ಭಾಗದಲ್ಲಿ ಇರುವುದಿಲ್ಲ; ಪ್ರಿಂಟ್‌ನಲ್ಲಿ ಕಣ್ಣಿಗೆ ಹೊಡೆಯುವುದು ಈ ವ್ಯತ್ಯಾಸವೇ.

ಕಂಬದ ಹಿಂದೆ ಕನ್ನಡ ಬೋರ್ಡ್ ಇದ್ದರೆ ಎಚ್ಚರ. ಒತ್ತಕ್ಷರ ಅಪ್ಪಚ್ಚಿಯಾಗಿ, ಯಾವ ಲಿಪಿಯೂ ಅಲ್ಲದ ಸುರುಳಿಗಳು ಬರುತ್ತವೆ. ಬೋರ್ಡನ್ನು ಬೇರೆ ಫ್ರೇಮ್‌ನಿಂದ ಕತ್ತರಿಸಿ ತಂದು ಕೂರಿಸಿ. ಬೇಲೂರು, ಹಳೇಬೀಡಿನ ಭಿತ್ತಿಗೂ ಇದೇ ಮಾತು: ಪ್ರವಾಸಿಯನ್ನು ಅಳಿಸಿದ ಜಾಗದಲ್ಲಿ ಎಐ ಕೆತ್ತಿದ ಶಿಲ್ಪ ದೂರದಿಂದ ಹೊಯ್ಸಳ, ಹತ್ತಿರದಿಂದ ಏನೂ ಅಲ್ಲ. ಅಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಕ್ಯಾಮೆರಾವನ್ನು ಅಲುಗಿಸದೆ ಹಿಡಿದು, ಜನ ಸರಿಯುವಾಗ ಐದಾರು ಫ್ರೇಮ್ ತೆಗೆದುಕೊಂಡರೆ ಫೋಟೊಶಾಪ್‌ನಲ್ಲಿ ಅವನ್ನು ಜೋಡಿಸಿ ನಿಜವಾದ ಕಲ್ಲನ್ನೇ ತುಂಬಬಹುದು.

ಮಗಳು ಅಮೆರಿಕಕ್ಕೆ ಓದಲು ಹೊರಟಿದ್ದಾಳೆ. ವೀಸಾ ಫೋಟೊದ ಹಿನ್ನೆಲೆಯನ್ನು ಆ್ಯಪ್‌ನಲ್ಲಿ ಬಿಳಿ ಮಾಡಬಹುದೇ? — ಓದುಗರು, ಉಡುಪಿ

ಬೇಡ. ಅಮೆರಿಕದ ನಿಯಮ, ಫಿಲ್ಟರ್ ಅಥವಾ ಸಾಫ್ಟ್‌ವೇರ್‌ನಿಂದ ಬದಲಿಸಿದ ಫೋಟೊವನ್ನು ಒಪ್ಪುವುದಿಲ್ಲ. ಆ್ಯಪ್‌ಗಳು ಹಿನ್ನೆಲೆ ಕತ್ತರಿಸುವಾಗ ಕಿವಿಯ ಅಂಚು, ಬಿಡಿಗೂದಲು ಹಾರಿಹೋಗುತ್ತವೆ. ಬಿಳಿ ಗೋಡೆಯಿಂದ ಎರಡು-ಮೂರು ಅಡಿ ಮುಂದೆ ನಿಲ್ಲಿಸಿ, ಎದುರು ಕಿಟಕಿಯ ಬೆಳಕು ಬರಲಿ. ಸೆಲ್ಫಿ ಬೇಡ, ಇನ್ನೊಬ್ಬರು ಐದಡಿ ದೂರದಿಂದ ಹಿಂಬದಿಯ ಕ್ಯಾಮೆರಾದಲ್ಲಿ ತೆಗೆಯಲಿ. ಅದಕ್ಕೂ ಮೊದಲು ಫೋನಿನ ಬ್ಯೂಟಿ ಮೋಡ್ ತೆರೆದು ನೋಡಿ, ಹಲವು ಫೋನುಗಳಲ್ಲಿ ಅದು ಕೇಳದೆಯೇ ಆನ್ ಆಗಿರುತ್ತದೆ. ಚಿತ್ರ ಚೌಕಾಕಾರ, ಎರಡು ಇಂಚಿಗೆ ಎರಡು ಇಂಚು, ಆರು ತಿಂಗಳೊಳಗಿನದು. ಕನ್ನಡಕ ತೆಗೆಸಿ.